ಯಂತ್ರವನ್ನು ಪೇಟೆಗೆ ಕಳುಹಿಸುವ ಮುನ್ನ

ಪೇಟೆಗೆ ಹೋಗಲಾಗದವನು ತನ್ನ ಪರವಾಗಿ ಇನ್ನೊಬ್ಬನನ್ನು ಕಳುಹಿಸುವುದು ಬಹಳ ಹಳೆಯ ಪದ್ಧತಿ. ಇಸ್ಲಾಮೀ ಕರ್ಮಶಾಸ್ತ್ರದಲ್ಲಿ ಇದಕ್ಕೆ ‘ವಕಾಲತ್’ ಎಂಬ ಪ್ರತ್ಯೇಕ ಅಧ್ಯಾಯವೇ ಇದೆ. ಪ್ರವಾದಿವರ್ಯರು(ಸ) ಉರ್ವಾ ಅಲ್ ಬಾರಿಕೀ(ರ) ಎಂಬ ಸಂಗಾತಿಗೆ ಒಂದು ದೀನಾರ್ ಕೊಟ್ಟು ಕುರಿಯೊಂದನ್ನು ಕೊಂಡು ತರಲು ಹೇಳಿದ ಘಟನೆ ಬುಖಾರಿಯಲ್ಲಿದೆ. ಅವರು ಆ ಹಣಕ್ಕೆ ಎರಡು ಕುರಿ ಕೊಂಡರು, ಒಂದನ್ನು ಒಂದು ದೀನಾರಿಗೆ ಮಾರಿದರು, ಉಳಿದ ಕುರಿಯನ್ನೂ ದೀನಾರನ್ನೂ ತಂದೊಪ್ಪಿಸಿದರು. ಪ್ರವಾದಿಯವರು(ಸ) ಅವರ ವ್ಯಾಪಾರದಲ್ಲಿ ಸಮೃದ್ಧಿಗಾಗಿ ಪ್ರಾರ್ಥಿಸಿದರು. ಆ ಮೇಲೆ ಅವರು ಮಣ್ಣನ್ನು ಕೊಂಡಿದ್ದರೂ ಲಾಭ ಗಳಿಸುತ್ತಿದ್ದರು ಎಂದು ವರದಿಗಾರರು ಹೇಳುತ್ತಾರೆ. ಉರ್ವಾರ(ರ) ಜಾಣತನವನ್ನು ಎಲ್ಲರೂ ಮೆಚ್ಚುತ್ತೇವೆ. ಆದರೆ ಆ ದೀನಾರು ಅವರ ಜೇಬಿನಲ್ಲೇ ಉಳಿದಿದ್ದರೆ ಯಾರಿಗೆ ತಿಳಿಯುತ್ತಿತ್ತು? ಪ್ರತಿನಿಧಿಯ ಪರೀಕ್ಷೆ ಇರುವುದು ಅಲ್ಲಿಯೇ.

ಇಂದು ಆ ಕೆಲಸಕ್ಕೆ ಯಂತ್ರ ಬಂದಿದೆ. ‘ಎಂಟು ವರ್ಷದ ಮಗುವಿಗೆ, ಐನೂರು ರೂಪಾಯಿಯೊಳಗೆ, ಮರದ ಆಟಿಕೆ’ ಎಂದು ನೀವು ಹೇಳಿದರೆ ಸಾಕು. ಕೃತಕ ಬುದ್ಧಿಮತ್ತೆಯ ಏಜೆಂಟ್ ಆನ್‌ಲೈನ್ ಮಾರುಕಟ್ಟೆಯ ಬಾಗಿಲು ತಟ್ಟುತ್ತದೆ. ಇಂತಹ ಏಜೆಂಟುಗಳಿಗೆಂದೇ ತಯಾರಾದ ಹುಡುಕು ಸಾಧನವೊಂದು ಹೆಸರು, ಬೆಲೆ, ಗ್ರಾಹಕರು ಕೊಟ್ಟ ಅಂಕ, ಮಾರುವವನ ವಿವರ ಇವನ್ನೆಲ್ಲ ಪಟ್ಟಿ ಮಾಡಿ ಕೊಡುತ್ತದೆ. ಏಜೆಂಟ್ ಅವುಗಳಲ್ಲೊಂದನ್ನು ಆರಿಸುತ್ತದೆ. ಅಮೆರಿಕದಲ್ಲಿ 2025ರ ಏಪ್ರಿಲ್‌ನಲ್ಲಿ ಅಮೆಜಾನ್ ಸಂಸ್ಥೆಯು ಗ್ರಾಹಕನ ಪರವಾಗಿ ಬೇರೆ ಅಂಗಡಿಗಳಿಂದಲೂ ಕೊಂಡು ತರುವ ಸೌಲಭ್ಯವನ್ನು ಪ್ರಯೋಗಕ್ಕೆ ತಂದಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಚಾಟ್‌ಜಿಪಿಟಿಯ ಮಾತುಕತೆಯೊಳಗೇ ಎಟ್ಸಿ ಮಾರುಕಟ್ಟೆಯ ಸರಕು ಕೊಳ್ಳುವ ವ್ಯವಸ್ಥೆ ಆರಂಭವಾಯಿತು.

ಈ ಯಂತ್ರ ನಿಮ್ಮ ‘ವಕೀಲ’ನೇ? ಪ್ರತಿನಿಧಿಯಾಗುವವನಿಗೆ ಬುದ್ಧಿ, ವಿವೇಕ ಇರಬೇಕೆಂದು ವಿದ್ವಾಂಸರು ಷರತ್ತು ವಿಧಿಸಿದ್ದಾರೆ. ಯಂತ್ರಕ್ಕೆ ಎಷ್ಟೇ ಚುರುಕು ಇರಲಿ, ನಾಳೆ ಅಲ್ಲಾಹನ ಮುಂದೆ ಅದನ್ನು ನಿಲ್ಲಿಸಿ ಯಾರೂ ವಿಚಾರಣೆ ಮಾಡುವುದಿಲ್ಲ. ಆದ್ದರಿಂದ ಅದು ಉರ್ವಾರ(ರ) ಸ್ಥಾನದಲ್ಲಿಲ್ಲ, ಅಂಗಡಿಯ ತಕ್ಕಡಿಯ ಸ್ಥಾನದಲ್ಲಿದೆ. ತಕ್ಕಡಿ ತಪ್ಪು ತೂಗಿದರೆ ಕುರ್‌ಆನ್ ಎಚ್ಚರಿಸುವುದು ತಕ್ಕಡಿಯನ್ನಲ್ಲ, ಅದನ್ನು ಹಿಡಿದ ಕೈಯನ್ನು. ಇಲ್ಲಿ ಹಿಡಿದ ಕೈಗಳು ಹಲವು. ಮಾರುವವನದು, ಸಾಧನ ಕಟ್ಟಿದವನದು, ಮತ್ತು ಓದುಗರೇ, ನಿಮ್ಮದು.

ಪ್ರವಾದಿಯವರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದಾಗ ಒಳಗೆ ತೇವ ತಗಲಿತು. ಮಳೆಯಲ್ಲಿ ನೆನೆಯಿತೆಂದು ವ್ಯಾಪಾರಿ ಸಮಜಾಯಿಷಿ ಕೊಟ್ಟಾಗ, ನೆನೆದುದನ್ನು ಜನರಿಗೆ ಕಾಣುವಂತೆ ಮೇಲಕ್ಕೇಕೆ ಇಡಲಿಲ್ಲವೆಂದು ಕೇಳಿದರು. ಯಂತ್ರಕ್ಕೆ ಆ ಕೈ ಇಲ್ಲ. ಅದು ರಾಶಿಯ ಮೇಲಿನ ಚೀಟಿಯನ್ನು ಓದುತ್ತದೆ ಅಷ್ಟೆ. ಚನ್ನಪಟ್ಟಣದ ಬೊಂಬೆಗಳನ್ನೇ ತೆಗೆದುಕೊಳ್ಳಿ. ಆಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚುವ ಈ ಕಸುಬಿನಲ್ಲಿ ನಮ್ಮ ಸಮುದಾಯದ ಅನೇಕ ಕುಟುಂಬಗಳಿವೆ. ಜಿಐ ಮಾನ್ಯತೆಯೂ ಇದಕ್ಕುಂಟು. ಎಲ್ಲೋ ಕಾರ್ಖಾನೆಯಲ್ಲಿ ತಯಾರಾದ ಆಟಿಕೆಗೆ ಯಾರಾದರೂ ‘ಚನ್ನಪಟ್ಟಣ’ ಎಂದು ಹೆಸರು ಬರೆದರೆ ಕೈಯಲ್ಲಿ ಹಿಡಿದು ನೋಡುವ ತಾಯಿಗೆ ಸಂಶಯ ಬಂದೀತು. ಪದಗಳನ್ನಷ್ಟೇ ಹೋಲಿಸುವ ಏಜೆಂಟಿಗೆ ಎರಡೂ ಒಂದೇ, ಮತ್ತು ಅಗ್ಗದ್ದೇ ಮೇಲು. ಮನುಷ್ಯನ ಕಣ್ಣಿಗೆ ಬೀಳದಂತೆ ಪುಟದಲ್ಲಿ ಅಡಗಿಸಿದ ಸಾಲುಗಳಿಂದ ಈ ಯಂತ್ರಗಳನ್ನು ದಾರಿ ತಪ್ಪಿಸಬಹುದೆಂದೂ ತಂತ್ರಜ್ಞರು ತೋರಿಸಿಕೊಟ್ಟಿದ್ದಾರೆ. ‘ಯಂತ್ರಕ್ಕೆ ಸುಳ್ಳು ಹೇಳಿದೆ, ಮನುಷ್ಯನಿಗಲ್ಲ’ ಎಂದು ಯಾರೂ ಸಮಾಧಾನಪಟ್ಟುಕೊಳ್ಳುವಂತಿಲ್ಲ. ಹಣ ಕಳೆದುಕೊಳ್ಳುವವನು ಮನುಷ್ಯನೇ.

ಅಂಕಗಳ ಕಥೆಯೂ ಹೀಗೆಯೇ. ಕೊಳ್ಳುವ ಉದ್ದೇಶವಿಲ್ಲದವನು ಹರಾಜಿನಲ್ಲಿ ಬೆಲೆ ಏರಿಸುವುದನ್ನು ಪ್ರವಾದಿಯವರು(ಸ) ನಿಷೇಧಿಸಿದರು. ಅದಕ್ಕೆ ‘ನಜಶ್’ ಎನ್ನುತ್ತಾರೆ. ಕೊಳ್ಳದೆಯೇ ಐದು ನಕ್ಷತ್ರ ಕೊಡುವುದು ಅದರ ತಮ್ಮನಲ್ಲವೇ? ನೆಂಟರ ಅಂಗಡಿಗೆ ಪ್ರೀತಿಯಿಂದ ಕೊಡುವ ನಕ್ಷತ್ರಗಳೂ ಇದರಿಂದ ಹೊರತಲ್ಲ ಎಂಬುದು ನನ್ನ ಅಭಿಪ್ರಾಯ. ಹಿಂದೆ ಅದನ್ನು ಓದಿ ಅನುಮಾನಿಸುವ ಕಣ್ಣುಗಳಾದರೂ ಇದ್ದವು.

ಪಟ್ಟಿಯಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ತೀರ್ಮಾನಿಸುವವರು ಮಾರುಕಟ್ಟೆಯ ಒಡೆಯರು. ಆ ಕ್ರಮಕ್ಕೆ ಆಧಾರವೇನೆಂದು ಸರಳ ಭಾಷೆಯಲ್ಲಿ ತಿಳಿಸಬೇಕೆಂದು ನಮ್ಮ ದೇಶದ 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ಓದುವವರಿದ್ದರೆ ತಾನೇ ಅದರಿಂದ ಉಪಯೋಗ!

ಇವೆಲ್ಲಕ್ಕಿಂತ ಕಷ್ಟದ ಪ್ರಶ್ನೆಯೊಂದಿದೆ. ಪ್ರಾಮಾಣಿಕ ವ್ಯಾಪಾರಿ ತನ್ನ ಸರಕಿನ ವಿವರದಲ್ಲಿ ‘ಮರದಲ್ಲಿ ಸಣ್ಣ ಗಂಟಿದೆ, ಬಣ್ಣ ತುಸು ಬೇರೆಯಾಗಬಹುದು’ ಎಂದು ಬರೆಯುತ್ತಾನೆ. ದೋಷ ಮುಚ್ಚಿಟ್ಟವನು ಏನೂ ಬರೆಯುವುದಿಲ್ಲ. ‘ದೋಷವಿಲ್ಲದ್ದು, ಅಗ್ಗದ್ದು ತಾ’ ಎಂದು ಆಜ್ಞೆ ಪಡೆದ ಯಂತ್ರ ಮೊದಲನೆಯವನನ್ನೇ ಕೈಬಿಡುವ ಸಂಭವ ಹೆಚ್ಚು. ಸತ್ಯ ನುಡಿದದ್ದಕ್ಕೆ ಅವನಿಗೆ ನಷ್ಟ! ಸತ್ಯ ಹೇಳಿ, ಇದ್ದುದನ್ನು ತೆರೆದಿಡುವ ವ್ಯಾಪಾರದಲ್ಲಿ ಬರಕತ್ ಇದೆಯೆಂದು ಪ್ರವಾದಿವರ್ಯರು(ಸ) ಹಕೀಮ್ ಬಿನ್ ಹಿಝಾಮ್(ರ) ವರದಿ ಮಾಡಿದ ಹದೀಸ್‌ನಲ್ಲಿ ತಿಳಿಸಿದ್ದಾರೆ. ವ್ಯಾಪಾರಿ ಆ ಮಾತನ್ನು ನಂಬಿ ತಾಳ್ಮೆ ವಹಿಸಲಿ ಎಂದು ಉಪದೇಶಿಸುವುದು ಸುಲಭ. ಆದರೆ ಕೊಳ್ಳುವ ನಾವು ಅವನ ತಾಳ್ಮೆಯನ್ನೇಕೆ ಇಷ್ಟು ದುಬಾರಿ ಮಾಡಬೇಕು?

ಆಜ್ಞೆ ನಮ್ಮದು. ‘ಅಗ್ಗದ್ದು’ ಎಂಬ ಒಂದೇ ಮಾತು ಹೇಳಿದರೆ ಯಂತ್ರ ಅಗ್ಗದ್ದನ್ನೇ ತರುತ್ತದೆ. ಅದು ಯಾರ ಬೆವರಿನ ಕೂಲಿ ಕತ್ತರಿಸಿ ಅಗ್ಗವಾಯಿತೆಂದು ಕೇಳುವುದಿಲ್ಲ. ಅದಕ್ಕೆ ಹೀಗೂ ಹೇಳಬಹುದು: ತಯಾರಿಸಿದವರು ಯಾರೆಂದು ಬರೆದವನನ್ನು ಮೊದಲು ನೋಡು, ಸಣ್ಣ ದೋಷವನ್ನು ತಾನೇ ತಿಳಿಸಿದವನನ್ನು ಆ ಕಾರಣಕ್ಕಾಗಿ ತಳ್ಳಿಹಾಕಬೇಡ, ಹಣ ಕೊಡುವ ಮುನ್ನ ನನ್ನನ್ನು ಕೇಳು. ಹಾಗೆ ಕೇಳಿದಾಗ ನಾವು ಪಟ್ಟಿಯನ್ನೊಮ್ಮೆ ಪೂರ್ತಿ ಓದಬೇಕು. ಐದು ನಿಮಿಷ ಹೆಚ್ಚು ಹಿಡಿದೀತು, ಇಪ್ಪತ್ತು ರೂಪಾಯಿ ಹೆಚ್ಚು ಬಿದ್ದೀತು.