ಕಾಯಿಸಿದವರೇ ಕಾಯ್ದವರು

ಹೋದ ತಿಂಗಳು ದೇವನಹಳ್ಳಿ ಏರ್‌ಪೋರ್ಟಿನಲ್ಲಿ ನಮ್ಮ ವಿಮಾನ ನಾಲ್ಕು ಗಂಟೆ ತಡವಾಯ್ತು. ಎಂಜಿನ್ ರಿಪೇರಿ ಅಂದರು. ಜನ ಕೌಂಟರಿನ ಹುಡುಗಿ ಮೇಲೆ ರೇಗಿದರು. ಪಾಸ್ಟರ್ ಆದ ನಾನೂ ಕೂಗಾಡಿದೆ. "ಸರ್, ಎಂಜಿನಿಯರ್ ಸಹಿ ಹಾಕದೆ ವಿಮಾನ ಏಳಲ್ಲ" ಅಂದಾಗ ಆಕೆಯ ಕಣ್ಣು ತುಂಬಿತ್ತು.

ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯ ನೋಡಿರಿ. ಈಗ ಹೊರಟರೆ ಅಪಾಯ ಅಂತ ಪೌಲನು ಎಚ್ಚರಿಸಿದನು. ಶತಾಧಿಪತಿ ಕೇಳಲಿಲ್ಲ. ಹಡಗು ಒಡೆಯಿತು, 276 ಜನ ಉಳಿದದ್ದು ಬರೀ ದೇವರ ಕೃಪೆ. ನನ್ನ ಜೀವ ಕಾಯೋಕೆ ತಡೆದವರ ಮೇಲೇ ನಾನು ರೇಗಿದ್ದೆ! ವಿಮಾನ ಹತ್ತುವ ಮೊದಲು ಆಕೆ ಹತ್ತಿರ ಹೋಗಿ "ತಪ್ಪಾಯ್ತು ತಂಗಿ" ಅಂದೆ.

ನಿಮ್ಮ ಮಾತಿನಿಂದ ನೊಂದವರು ಯಾರಿದ್ದಾರೆ? ಇವತ್ತೇ ಹೋಗಿ ಸಮಾಧಾನವಾಗಿರಿ. ಆಮೆನ್.