ದಾಸೋಹದ ಲೆಕ್ಕ

ದಾಸೋಹಕ್ಕೆ ಭಕ್ತಿಯೊಂದೇ ಸಾಲದೆ? ಲೆಕ್ಕವೂ ಬೇಕೆ? ಲೆಕ್ಕವು ವರ್ತಕನಿಗೆ ಸೇರಿದುದು, ದಾನಿಗೆ ತಕ್ಕುದಲ್ಲವೆಂದು ಭಾವಿಸುವವರು ಅನೇಕರುಂಟು. ಶರಣರ ಚರಿತ್ರೆಯು ಹಾಗೆ ಹೇಳುವುದಿಲ್ಲ.

ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದವರು. ಭಂಡಾರವನ್ನು ಜಂಗಮರಿಗೆ ಸೂರೆಗೊಟ್ಟರೆಂಬ ದೂರು ಬಂದಾಗ, ಎಣಿಸಿ ನೋಡಲು ಹಣವು ಸರಿಯಾಗಿದ್ದಿತೆಂಬುದು ಬಸವಪುರಾಣದ ಕಥೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಮಹಾಶರಣೆ ಲಕ್ಕಮ್ಮನು ಹೆಚ್ಚಿನದನ್ನು ತಂದ ಎಡೆಯಲ್ಲಿಯೇ ಸುರಿದು ಬರುವಂತೆ ಹೇಳಿದಳು. ದಾಸೋಹಕ್ಕಾಗಿ ತಂದುದಾದರೂ ಅಗತ್ಯವನ್ನು ಮೀರಿದುದು ಆಸೆಯೇ ಎಂಬುದು ಆಕೆಯ ನಿರ್ಣಯ. ಅಳತೆಯನ್ನೇ ಅರಿಯದವರಿಗೆ ಹೆಚ್ಚಾದುದು ತಿಳಿಯುವುದೆಂತು?

ಈ ತತ್ತ್ವವು ತುಮಕೂರಿನ ಸಿದ್ಧಗಂಗೆಯಲ್ಲಿ ಕಣ್ಣಿಗೆ ಕಾಣುವಂತಿದೆ. 1941ರಲ್ಲಿ ಶ್ರೀ ಉದ್ಧಾನ ಶಿವಯೋಗಿಗಳ ತರುವಾಯ ಮಠದ ಭಾರವನ್ನು ಹೊತ್ತ ಶ್ರೀ ಶಿವಕುಮಾರ ಸ್ವಾಮಿಗಳವರು, 2019ರಲ್ಲಿ ಲಿಂಗೈಕ್ಯರಾಗುವವರೆಗೂ ಜಾತಿಮತಭೇದವೆಣಿಸದೆ ಬಡಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಆಶ್ರಯವನ್ನೂ ಇತ್ತರು. ಆ ಮಕ್ಕಳ ಸಂಖ್ಯೆ 10,000ದ ಸಮೀಪಕ್ಕೆ ಬೆಳೆಯಿತು. ಒಬ್ಬೊಬ್ಬರಿಗೆ 100 ಗ್ರಾಂ ರಾಗಿಹಿಟ್ಟೆಂದರೂ ಒಂದು ಹೊತ್ತಿಗೆ 10 ಕ್ವಿಂಟಲು ಬೇಕು. ತಕ್ಕಡಿ ತಪ್ಪಿದರೆ ಆ ಹೊತ್ತಿನ ಹಸಿವನ್ನು ಬರಿಯ ಭಕ್ತಿಯು ನೀಗಲಾರದು. ಇಂತಹ ಮಠಕ್ಕೆ ಧಾನ್ಯವನ್ನೊಪ್ಪಿಸಿದ ಗುಬ್ಬಿಯ ರೈತನಾಗಲಿ, ಎಡೆಯೂರು ಸಿದ್ಧಲಿಂಗೇಶ್ವರನ ಸನ್ನಿಧಿಗೆ ಕಾಣಿಕೆಯಿತ್ತ ಕುಣಿಗಲಿನ ಭಕ್ತನಾಗಲಿ, ತಾನೂ ಪಂಕ್ತಿಯಲ್ಲಿ ಕುಳಿತು, ಇತ್ತುದು ಎಲ್ಲಿ ಸಂದಿತೆಂಬುದನ್ನು ಕಣ್ಣಾರೆ ಕಾಣಬಲ್ಲನು.

ದಾನವು ಕಡಲು ದಾಟಿದಾಗ ಈ ನೋಟವು ಮರೆಯಾಗುವುದು. ಗ್ರೀಸಿನ ಕ್ಷಾಮಪೀಡಿತರಿಗಾಗಿ 1942ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಆಕ್ಸ್‌ಫ್ಯಾಮ್, ಯುದ್ಧದಿಂದ ಬಸವಳಿದ ಯುರೋಪಿಗೆ ಆಹಾರದ ಪೊಟ್ಟಣಗಳನ್ನು ಕಳುಹಲು 1945ರಲ್ಲಿ ಅಮೆರಿಕೆಯಲ್ಲಿ ಸ್ಥಾಪಿತವಾದ ಕೇರ್ ಮೊದಲಾದ ಸಂಸ್ಥೆಗಳಲ್ಲಿ, ಕೊಟ್ಟವನು ಉಂಡವನನ್ನು ಕಾಣುವುದು ವಿರಳ. ಅಲ್ಲಿ ಲೆಕ್ಕದ ಪುಸ್ತಕವೇ ದಾನಿಯ ಕಣ್ಣು. ಆದಕಾರಣ ಆಯವ್ಯಯದ ಅಂದಾಜು, ದಾಸ್ತಾನಿನ ತಪಶೀಲು, ಲೆಕ್ಕಪರಿಶೋಧನೆ ಎಂಬ ವ್ಯಾಪಾರದ ಶಿಸ್ತುಗಳು ಅಲ್ಲಿ ಧರ್ಮದ ಅಂಗಗಳೇ ಆಗುವುವು. ಭಾರತದ ಶಾಸನವೂ ವಿದೇಶೀ ದೇಣಿಗೆಗೆ ಪ್ರತ್ಯೇಕ ಲೆಕ್ಕವನ್ನು ವಿಧಿಸಿದೆ. ಆ ಹಣದಲ್ಲಿ ಆಡಳಿತಕ್ಕೆ ಬಳಸಬಹುದಾದ ಮಿತಿಯನ್ನು 2020ರ ತಿದ್ದುಪಡಿಯು ನೂರಕ್ಕೆ 50ರಿಂದ 20ಕ್ಕೆ ಇಳಿಸಿತು.

ಹಾಗೆಂದು ಆಡಳಿತದ ವೆಚ್ಚವು ಕಡಮೆಯಾದಷ್ಟೂ ಪುಣ್ಯವು ಹೆಚ್ಚೆಂದು ತಿಳಿಯಲಾಗದು. ಕಾಯುವವನಿಲ್ಲದ ಉಗ್ರಾಣದಲ್ಲಿ ಹುಳು ತಿಂದ ಧಾನ್ಯವು ಯಾವ ಪುಸ್ತಕದಲ್ಲಿಯೂ ವೆಚ್ಚವೆಂದು ಬರೆಯಲ್ಪಡದು. ಹಸಿದವನ ಎಲೆಯಲ್ಲಿ ಮಾತ್ರ ಅದರ ಕೊರತೆಯು ಕಾಣುವುದು. ಲೆಕ್ಕಿಗನ ಕೂಲಿಯನ್ನು ಉಳಿಸಹೋಗಿ ಬಡವನ ತುತ್ತನ್ನು ಕಳೆಯುವುದು ಮಿತವ್ಯಯವಲ್ಲ.

ಇಷ್ಟಾದರೂ ವರ್ತಕನಿಗೂ ದಾಸೋಹಿಗೂ ಭೇದವೊಂದುಂಟು. ಇಬ್ಬರ ತಕ್ಕಡಿಯೂ ಒಂದೇ; ಆದರೆ ವರ್ತಕನ ಉಳಿತಾಯವು ಅವನ ಮನೆಗೆ ಹೋಗುವುದು, ದಾಸೋಹಿಯ ಉಳಿತಾಯವು ಮುಂದಿನ ಪಂಕ್ತಿಗೆ ಹೋಗುವುದು. ಸಂಸ್ಥೆಯು ಬೆಳೆದು, ಕಟ್ಟಡವೆದ್ದು, ಕೀರ್ತಿ ಹಬ್ಬಿದಾಗ ಈ ಭೇದವು ಮಸುಕಾಗುವ ಭಯವುಂಟು. ಸೇವೆಗಾಗಿ ಸಂಸ್ಥೆಯೆಂಬುದು ಸಂಸ್ಥೆಗಾಗಿ ಸೇವೆಯೆಂದು ತಿರುಗಬಹುದು. ಅಂದು ನಡೆಸುವವರು ಲಕ್ಕಮ್ಮನಂತೆ ತಮ್ಮನ್ನು ತಾವೇ ಕೇಳಿಕೊಳ್ಳಬೇಕು: ತಂದುದು ಇಂದಿನ ಅಗತ್ಯಕ್ಕೊ, ನಮ್ಮ ಆಸೆಗೊ? ಹಾಗೆ ಕೇಳಿಕೊಂಡು ಹೆಚ್ಚಾದುದನ್ನು ಹಿಂದಿರುಗಿಸಬಲ್ಲವರ ಕೈಯಲ್ಲಿ ಲೋಕದ ದಾನವು ಸುರಕ್ಷಿತವಾಗಿರುವುದು.