ಹುಲಿ ತೋರಿಸುತ್ತೇನೆಂದು ಹೇಳಿ

ಅಕ್ಕನ ಆರು ವರ್ಷದ ಮಗಳ ಹುಳುಕು ಹಲ್ಲು ಕೀಳಿಸಬೇಕಿತ್ತು. ಇಂಜೆಕ್ಷನ್ ಎಂದರೆ ಮನೆಯ ಹೊಸಿಲು ದಾಟುವವಳಲ್ಲ. ‘ಬಾ, ತ್ಯಾವರೆಕೊಪ್ಪಕ್ಕೆ ಹೋಗಿ ಹುಲಿ ನೋಡೋಣ’ ಎಂದೆ. ಸಾಗರ ರಸ್ತೆಯ ಆ ಹುಲಿ-ಸಿಂಹಧಾಮವೆಂದರೆ ಶಿವಮೊಗ್ಗದ ಮಕ್ಕಳಿಗೆ ಇನ್ನಿಲ್ಲದ ಆಸೆ. ಚಪ್ಪಲಿ ಮೆಟ್ಟಿ ಓಡಿ ಬಂದಳು. ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂರಿಸಿ, ‘ನೋವೇ ಆಗಲ್ಲ ಪುಟ್ಟಿ’ ಎಂದು ಇನ್ನೊಂದು ಸುಳ್ಳು ಸೇರಿಸಿದೆ. ಸೂಜಿ ಕಂಡದ್ದೇ ಬಾಯಿ ಬಿಗಿದುಕೊಂಡಳು. ಅತ್ತದ್ದು ಆಮೇಲೆ. ಮೊದಲು ನನ್ನ ಮುಖ ನೋಡಿ, ‘ಚಿಕ್ಕಿ, ಹುಲಿ?’ ಎಂದು ಕೇಳಿದಳು. ಅಂದು ಹಲ್ಲು ಕೀಳಲಾಗಲಿಲ್ಲ.

ಗೋವಿನ ಹಾಡು ಹೇಳಿ ಅವಳನ್ನು ಮಲಗಿಸುತ್ತಿದ್ದವಳೂ ನಾನೇ! ಪುಣ್ಯಕೋಟಿಯ ಸತ್ಯವೆಂದರೆ ನಮಗೆ ನೆನಪಾಗುವುದು ಹುಲಿಗೆ ಕೊಟ್ಟ ಮಾತು. ಆದರೆ ಅವಳು ಕರುವಿಗೂ ಸುಳ್ಳು ಹೇಳಲಿಲ್ಲ. ‘ನಾಳೆ ಬರುತ್ತೇನೆ’ ಎಂದು ಹಾಲೂಡಿಸಿ ಹೊರಟಿದ್ದರೆ ಕರು ಆ ರಾತ್ರಿಯಾದರೂ ನೆಮ್ಮದಿಯಾಗಿ ಮಲಗುತ್ತಿತ್ತು. ಅವಳು ಹುಲಿಯ ಸುದ್ದಿ ಹೇಳಿದಳು. ಹೇಳಿ ಸುಮ್ಮನಾಗದೆ, ಜೊತೆಯ ಹಸುಗಳಿಗೆ ಕರುವನ್ನು ಒಪ್ಪಿಸಿದಳು. ನಾನು ಅಷ್ಟು ವರ್ಷ ಹಾಡಿಯೂ ಗಮನಿಸದಿದ್ದದ್ದು ಈ ಒಪ್ಪಿಸುವುದನ್ನು. ಬರೀ ನಿಜ ಹೇಳಿ ಮಗುವನ್ನು ಭಯದ ಎದುರು ಬಿಟ್ಟುಬಿಡುವುದೂ ಒಂದು ಬಗೆಯ ಕ್ರೌರ್ಯವೇ.

ಎರಡನೇ ಸಲ ಬೇರೆ ಡಾಕ್ಟರು. ಹೇಳು, ತೋರಿಸು, ಆಮೇಲೆ ಮಾಡು ಎನ್ನುವುದು ಮಕ್ಕಳ ದಂತವೈದ್ಯರ ಹಳೆಯ ಕ್ರಮ; 1959ರಲ್ಲಿ ಅಡೆಲ್‌ಸ್ಟನ್ ಎಂಬಾತ ಅದನ್ನು ಬರೆದಿಟ್ಟ. ಈಕೆ ಕನ್ನಡಿ ಕೈಗೆ ಕೊಟ್ಟರು, ಗಾಳಿಯನ್ನು ಬೆರಳಿನ ಮೇಲೆ ಊದಿ ತೋರಿಸಿದರು. ಒಸಡಿಗೆ ಮರಗಟ್ಟಿಸುವ ಜೆಲ್ ಹಚ್ಚಿ ಕಾದರು. ‘ಸ್ವಲ್ಪ ಚುಚ್ಚುತ್ತೆ, ಕೈ ಎತ್ತಿದರೆ ನಿಲ್ಲಿಸ್ತೀನಿ’ ಎಂದರು. ಮದ್ದನ್ನು ರಭಸದಿಂದ ತಳ್ಳಿದರೆ ಒಸಡು ಹಿಗ್ಗಿ ನೋವು ಹೆಚ್ಚುತ್ತದಂತೆ. ಅದಕ್ಕೇ ಬಹಳ ನಿಧಾನವಾಗಿ ಬಿಟ್ಟರು.

ಸಿರಿಂಜನ್ನು ಮಾತ್ರ ಅವಳ ಕಣ್ಣಿಗೆ ಬೀಳದಂತೆ ಗಲ್ಲದ ಕೆಳಗಿನಿಂದ ತಂದರು. ಇದೂ ಮೋಸವಲ್ಲವೇ? ಅಲ್ಲ ಎನ್ನುವುದು ನನ್ನ ಮತ. ಚುಚ್ಚುತ್ತದೆಂದು ಅವಳಿಗೆ ಗೊತ್ತಿತ್ತು. ನೋಡದೇ ಇರುವ ಸೌಕರ್ಯವನ್ನಷ್ಟೇ ಡಾಕ್ಟರು ಒದಗಿಸಿದರು. ನನ್ನ ‘ನೋವೇ ಆಗಲ್ಲ’ವನ್ನಾದರೆ ಅವಳ ಒಸಡೇ ಸುಳ್ಳೆಂದು ಸಾಬೀತು ಮಾಡುತ್ತಿತ್ತು.

ನಡುವೆ ಕೈ ಎತ್ತಿದಳು. ಡಾಕ್ಟರು ನಿಜಕ್ಕೂ ನಿಲ್ಲಿಸಿದರು. ಇನ್ನೊಮ್ಮೆ ಎತ್ತಿದಳು. ಆಗ ನೋವಿದ್ದಂತಿರಲಿಲ್ಲ, ಪರೀಕ್ಷೆ ಮಾಡುತ್ತಿದ್ದಳು ಅಷ್ಟೆ. ಮತ್ತೆ ನಿಲ್ಲಿಸಿದರು.

ಮುಂದಿನ ಭಾನುವಾರ ತ್ಯಾವರೆಕೊಪ್ಪಕ್ಕೆ ಹೊರಟೆವು. ಸಾಗರದ ಬಸ್ಸು ಹತ್ತುವ ಮೊದಲು ಅವಳು ನನ್ನ ಕೈ ಬಿಡಿಸಿಕೊಂಡು ಹೋಗಿ ಕಂಡಕ್ಟರನ್ನು ಕೇಳಿದಳು: ‘ಇದು ಹುಲಿ ಹತ್ರ ಹೋಗುತ್ತಾ?’